ಸಮುವೇಲಪ್ಪನವರು ಕೂಗಿದ ಕುಂಬಳಕಾಯಿ

ಭದ್ರಾವತಿ ನ್ಯೂ ಟೌನಿನ ಚರ್ಚೊಂದರಲ್ಲಿ ವರ್ಷಕ್ಕೊಮ್ಮೆ ಬೆಳೆಯ ಹಬ್ಬ. ಹಿತ್ತಲಿದ್ದವರು ಬಾಳೆಗೊನೆ, ಕೋಳಿ, ತೆಂಗಿನಕಾಯಿ ತಂದು ದೇವರಿಗೆ ಅರ್ಪಿಸುತ್ತಾರೆ. ಇಲ್ಲದವರು ಅಂಗಡಿಯ ಬಿಸ್ಕತ್ತು ಪೊಟ್ಟಣ ತರುತ್ತಾರೆ. ಆರಾಧನೆ ಮುಗಿದ ಮೇಲೆ ಎಲ್ಲವನ್ನೂ ಹರಾಜು ಹಾಕಿ, ಬಂದ ಹಣವನ್ನು ಬಡರೋಗಿಗಳ ಔಷಧಕ್ಕೆ ಎತ್ತಿಡುವುದು ವಾಡಿಕೆ. ನಲವತ್ತು ರೂಪಾಯಿಯ ಕಾಯಿ ನಾಲ್ಕು ಸಾವಿರಕ್ಕೆ ಹೋದರೂ ಯಾರೂ ಹುಬ್ಬೇರಿಸುವುದಿಲ್ಲ.

ಈ ಹರಾಜಿನಲ್ಲಿ ಸಮುವೇಲಪ್ಪನವರದು ಇಪ್ಪತ್ತೆರಡು ವರ್ಷಗಳ ಸೇವೆ. ಸೇವೆ ಎಂದರೆ ಕೂಗುವುದು. ಅವರು ದನಿಯೆತ್ತಿ ಬೆಲೆ ಏರಿಸುವುದು, ಮೂರನೇ ಬೆಂಚಿನ ಕಂಟ್ರಾಕ್ಟರ್ ಶಶಿಧರ್ ಸೋಲೊಪ್ಪದೆ ಅದರ ಮೇಲೆ ಐನೂರು ಸೇರಿಸುವುದು, ಇವರು ಕೈಚೆಲ್ಲಿ ಕೂರುವುದು. ಹೀಗೆ ಒಂದು ಪೈಸೆ ಬಿಚ್ಚದೆ ಧಾರಾಳಿ ಎನ್ನಿಸಿಕೊಂಡಿದ್ದರು. ತಾವು ಕೂಗದಿದ್ದರೆ ಶಶಿಧರ್ ಅಷ್ಟು ಕೊಡುತ್ತಿದ್ದರೇ? ಹಾಗಾಗಿ ಆ ಪುಣ್ಯದಲ್ಲಿ ಅರ್ಧ ತಮ್ಮದೇ ಎಂದು ಒಳಗೊಳಗೇ ನಂಬಿದ್ದರು.

ಆದರೆ ಈಚೆಗೆ ಅವರಿಗೆ ಕೂಗುವುದಕ್ಕೂ ಸುಸ್ತು. ತಾವು ದುಡಿಯುತ್ತಿದ್ದ ಕಾಗದದ ಕಾರ್ಖಾನೆ ನಿಂತ ಮೇಲೆ, ಅರವತ್ತೊಂದರ ವಯಸ್ಸಿನಲ್ಲಿ, ಶಿವಮೊಗ್ಗದ ಆಲ್ಕೊಳದಲ್ಲಿ ಒಂದು ಅಪಾರ್ಟ್‌ಮೆಂಟಿನ ಗೇಟು ಕಾಯುತ್ತಿದ್ದರು. ಮನೆಯಿದ್ದ ಕಾಗದನಗರದಿಂದ ಬಸ್ಸು ಬದಲಿಸಿ ಬದಲಿಸಿ, ನಿಂತೇ ಹೋಗಬೇಕು, ನಿಂತೇ ಬರಬೇಕು. ಮಂಡಿ ಎರಡೂ ಮುಷ್ಕರ ಹೂಡಿದ್ದವು. ಎರಡು ವರ್ಷ ಚಹಾ ಬಿಟ್ಟು, ರಸೂಲ್ ಸಾಬರ ಗ್ಯಾರೇಜಿನಲ್ಲಿದ್ದ ಹಳೆಯ ಮೊಪೆಡ್ಡಿಗೆಂದು ಎಂಟು ಸಾವಿರ ಕೂಡಿಸಿದ್ದರು. ಸೋಮವಾರ ಗಾಡಿ ಮನೆಗೆ ಬರುವುದಿತ್ತು. ಭಾನುವಾರ ಹಬ್ಬ ಬಂತು.

ಹರಾಜಿನಲ್ಲಿ ಒಂದು ಕುಂಬಳಕಾಯಿ ಮೂರು ಸಾವಿರಕ್ಕೆ ಏರಿ ನಿಂತಿತು. ಬೇಗ ಮುಗಿಸಿ ಮನೆಗೆ ಹೋಗಿ ಮಲಗೋಣವೆಂಬ ಆತುರದಲ್ಲಿ ಸಮುವೇಲಪ್ಪ ನೇರವಾಗಿ, "ಎಂಟು ಸಾವಿರ" ಎಂದರು. ಎಂದಮೇಲೆ ಮೂರನೇ ಬೆಂಚಿನ ಕಡೆ ನೋಡಿದರು. ಬೆಂಚು ಖಾಲಿ. ಶಶಿಧರ್ ಫೋನು ಬಂತೆಂದು ಹೊರಗೆ ಹೋಗಿದ್ದರು.

ಹರಾಜು ಕೂಗುತ್ತಿದ್ದ ಕಾರ್ಯದರ್ಶಿ ಆನಂದನಿಗೆ ಕರುಣೆ ಹೆಚ್ಚು. "ಎಂಟು ಸಾವಿರ, ಎರಡು ಸಲ" ಎಂಬುದನ್ನು ಎಳೆದ, ಕನ್ನಡಕ ಒರೆಸಿದ, ಬಾಗಿಲ ಕಡೆ ನೋಡಿದ, ನೀರು ಕುಡಿದ. ಶಶಿಧರ್ ಬರಲಿಲ್ಲ. ಮೂರನೇ ಸಲವನ್ನು ಕೊನೆಗೂ ಹೇಳಲೇಬೇಕಾಯಿತು.

ಎಲ್ಲ ಮುಗಿದ ಮೇಲೆ ಆನಂದ ಅವರನ್ನು ಕಂಬದ ಮರೆಗೆ ಕರೆದ. "ಸಮುವೇಲಪ್ಪನೋರೆ, ತಲೆ ಕೆಡಿಸ್ಕೋಬೇಡಿ. ನಾನು ನಿಮ್ಮ ಹೆಸರು ಬರ್ಕೊಂಡೇ ಇಲ್ಲ."

"ಯಾಕೆ?"

"ನೀವು ಸುಮ್ನೆ ಕೂಗೋದು ಅಂತ ಎಲ್ರಿಗೂ ಗೊತ್ತಲ್ವ. ನಮ್ಮಪ್ಪ ಕಾರ್ಯದರ್ಶಿ ಆಗಿದ್ದಾಗಿಂದ್ಲೂ ಗೊತ್ತು."

ಸಮುವೇಲಪ್ಪ ಕುಂಬಳಕಾಯಿಯನ್ನು ತಬ್ಬಿಕೊಂಡು ಮನೆಗೆ ನಡೆದರು.

ಹೆಂಡತಿ ಸುಗುಣಮ್ಮ ಆಗಲೇ ಬಂದು ಅಕ್ಕಿ ಆರಿಸುತ್ತಿದ್ದರು. "ಆನಂದ ಬಿಟ್ಬಿಡಿ ಅಂದ" ಎಂದು ಇವರು ಗೋಡೆಗೆ ಒರಗಿದರು. "ಬಿಟ್ಟೇ ಬಿಡ್ಲಾ? ನಂಗೂ ಸಾಕಾಗಿದೆ ಮಾರಾಯ್ತಿ."

"ಕೊಟ್ರೆ ಇನ್ನೆರಡು ವರ್ಷ ಬಸ್ಸಲ್ಲಿ ನಿಂತ್ಕೊಂಡು ಹೋಗ್ತೀರಿ. ಕೊಡದಿದ್ರೆ ಮುಂದಿನ ವರ್ಷನೂ ಕೂಗ್ತೀರಿ." ಸುಗುಣಮ್ಮ ಮೊರದಿಂದ ಕಲ್ಲೊಂದನ್ನು ಎತ್ತಿ ಎಸೆದರು. "ಚರ್ಚಲ್ಲಿ ನಿಮ್ಮ ಪಕ್ಕ ಕೂತು ತಲೆ ತಗ್ಗಿಸೋಳು ನಾನು. ನಿಮ್ಮ ಮಂಡಿನೋವಿಗಾದ್ರೆ ಎಣ್ಣೆ ಹಚ್ಚಬಹುದು."

ಮಧ್ಯಾಹ್ನವೆಲ್ಲ ಸಮುವೇಲಪ್ಪ ಮಲಗಿದರೂ ನಿದ್ದೆ ಬರಲಿಲ್ಲ. ಇಪ್ಪತ್ತೆರಡು ವರ್ಷ ಇಡೀ ಸಭೆ ತಮ್ಮ ಸುಳ್ಳನ್ನು ನಗುನಗುತ್ತಾ ಸಾಕಿಕೊಂಡು ಬಂದಿತ್ತು. ನಿಜವಾಗಿ ಧಾರಾಳಿಗಳು ಯಾರೆಂದು ತಿಳಿಯಲು ಇಷ್ಟು ತಡವಾಯಿತಲ್ಲ ಎನಿಸಿತು. ಸಂಜೆ ಎದ್ದು, ರಸೂಲ್ ಸಾಬರಿಗೆ ಫೋನು ಮಾಡಿ, ಗಾಡಿಯನ್ನು ಬೇರೆಯವರಿಗೆ ಕೊಡಿ ಎಂದರು.

"ಏನ್ರೀ ಸಮುವೇಲಪ್ಪ, ರೇಟ್ ಜಾಸ್ತಿ ಆಯ್ತಾ?"

"ಇಲ್ಲ, ನನ್ನ ಬಾಯಿ ಜಾಸ್ತಿ ಆಯ್ತು."

ಆಮೇಲೆ ಆನಂದನ ಮನೆಗೆ ಹೋಗಿ ನೋಟಿನ ಕಟ್ಟನ್ನು ಮೇಜಿನ ಮೇಲಿಟ್ಟರು. ಆನಂದ ಬೇಡವೆಂದ, ಕಂತಿನಲ್ಲಿ ಕೊಡಿ ಎಂದ, ಕೊನೆಗೆ ರಸೀದಿ ಬರೆದ. "ಮುಂದಿನ ಭಾನುವಾರ ದಾನಿಗಳ ಹೆಸರು ಓದುವಾಗ ನಿಮ್ಮದೇ ಮೊದಲು ಓದ್ತೀನಿ."

ಸಮುವೇಲಪ್ಪನವರ ಬೆನ್ನು ತಾನಾಗಿ ನೆಟ್ಟಗಾಯಿತು. ಆ ಹೊಗಳಿಕೆಯನ್ನು ಬಿಡುವುದಕ್ಕೆ ಆದಷ್ಟು ಸಂಕಟ ಮೊಪೆಡ್ಡನ್ನು ಬಿಟ್ಟಾಗಲೂ ಆಗಿರಲಿಲ್ಲ.

"ಓದಬೇಡ" ಎಂದರು.

"ಓದದಿದ್ರೆ ನೀವು ಕೊಟ್ಟಿಲ್ಲ ಅಂತಲೇ ಎಲ್ರೂ ತಿಳ್ಕೋತಾರೆ."

ಅವರು ಸ್ವಲ್ಪ ಹೊತ್ತು ಯೋಚಿಸಿದರು. ನಿಜ ಹೇಳಬೇಕೆಂದರೆ, ಸಾಕಷ್ಟು ಹೊತ್ತೇ ಯೋಚಿಸಿದರು.

"ತಿಳ್ಕೊಳ್ಲಿ ಬಿಡು" ಎಂದು ಚಪ್ಪಲಿ ಮೆಟ್ಟಿಕೊಂಡರು. ಬೆಳಿಗ್ಗೆ ಬಸ್ಸಿಗೆ ಬೇಗ ಏಳಬೇಕಿತ್ತು.