ಅಳುಮುಖ ಎಣಿಕೆಗಿಲ್ಲ

ಪುರಿಂಗ್ ಅನ್ನುವವಳ ಅಂಗಡಿಗೆ ಹೋದವರು ಬೈಸಿಕೊಳ್ಳದೆ ಹೊರಗೆ ಬಂದದ್ದನ್ನು ನಾನು ನೋಡಿಲ್ಲ. ನಮ್ಮೂರು ಸಾನ್ ಟೆಲ್ಮೊದ ಪುರಸಭೆಯ ಎದುರಿಗೆ, ಬ್ರೆಡ್ಡಿನ ಅಂಗಡಿಗೂ ಹಲ್ಲಿನ ಡಾಕ್ಟರಿಗೂ ನಡುವೆ ಸಿಕ್ಕಿಕೊಂಡ ಗೂಡು ಅದು. ಒಂದು ಜೆರಾಕ್ಸ್ ಯಂತ್ರ, ಕಾರ್ಡುಗಳಿಗೆ ಪ್ಲಾಸ್ಟಿಕ್ ಹೊದಿಸುವ ಲ್ಯಾಮಿನೇಶನ್ ಯಂತ್ರ, ಒಂದು ಹಳೇ ಕಂಪ್ಯೂಟರು, ಒಂದು ಫ್ಯಾನು. ಫ್ಯಾನು ಯಾವಾಗಲೂ ಅವಳ ಕಡೆಗೇ ತಿರುಗಿರುತ್ತದೆ. ಮದುವೆ ಅರ್ಜಿಯ ಪ್ರತಿ ತೆಗೆಸಲು ಬಂದ ಹುಡುಗನಿಗೆ, ಇಷ್ಟು ಬೇಗ ಬುದ್ಧಿ ಕೆಟ್ಟಿತಾ ಅನ್ನುತ್ತಾಳೆ. ಮಗುವಿನ ಜನನ ಪತ್ರ ತಂದವಳಿಗೆ, ಇನ್ನೂ ಒಂದಾ ಅನ್ನುತ್ತಾಳೆ. ಆದರೂ ಊರೆಲ್ಲ ಅಲ್ಲಿಗೇ ಹೋಗುತ್ತದೆ, ಯಾಕೆಂದರೆ ಅವಳ ಪ್ರತಿಗಳು ಮಸುಕಾಗುವುದಿಲ್ಲ. ಚಿಕ್ಕವರು ದೊಡ್ಡವರು ಎಲ್ಲರೂ ಅವಳನ್ನು ಮಾನಾಂಗ್ ಎಂದೇ ಕರೆಯುತ್ತಾರೆ, ಅಕ್ಕ ಅಂತ. ಅಕ್ಕನ ಲಕ್ಷಣ ಒಂದೂ ಇಲ್ಲ.

ಅವಳಿಗೂ ನನಗೂ ಜಗಳ ಶುರುವಾದದ್ದು ಸಾರ್ಡೀನ್ ಮೀನನ್ನು ಡಬ್ಬಿಗೆ ತುಂಬುವ ಕಾರ್ಖಾನೆಯ ಮುಷ್ಕರದ ಕಾಲದಲ್ಲಿ. ನನ್ನ ಹೆಸರು ಬಾದೊ. ನಾನು ಆಗ ಕಾರ್ಮಿಕ ಸಂಘದವನು, ಈಗಲೂ ಸಂಘದವನೇ, ಸಂಘ ಮಾತ್ರ ಇಲ್ಲ. ಕರಪತ್ರ ತೆಗೆದುಕೊಂಡು ಹೋದರೆ ಮೇಲಿಂದ ಕೆಳಗಿನವರೆಗೆ ಓದಿ ವಾಪಸು ನನ್ನ ಎದೆಗೇ ಒತ್ತಿದಳು.

"ಕೆಳಗೆ ಯಾರ ಹೆಸರೂ ಇಲ್ಲವಲ್ಲ."

ಕಾರ್ಮಿಕರು ಅಂತ ಬರೆದಿದೆಯಲ್ಲ ಅಂದೆ.

"ಕಾರ್ಮಿಕರು ಅನ್ನೋನು ಯಾರು? ಅವನ ಅಪ್ಪ ಯಾರು? ಹೆಸರು ಹಾಕೋಕೆ ಹೆದರೋರು ಬೀದಿಗೆ ಯಾಕೆ ಬಂದ್ರಿ ಬಾದೊ? ಮನೇಲಿ ಮೀನು ಸುಟ್ಕೊಂಡು ತಿನ್ನಿ."

ರೋಷಕ್ಕೆ ಬಿದ್ದು ನಾವು ಕೆಲವರು ಅಲ್ಲೇ ಸಹಿ ಹಾಕಿದೆವು. ಅವಳು ಪ್ರತಿ ತೆಗೆದುಕೊಟ್ಟಳು. ಎರಡೇ ದಿನಕ್ಕೆ ಪೊಲೀಸರು ಅದೇ ಕರಪತ್ರ ಹಿಡಿದು, ಸಹಿ ಮಾಡಿದ ಕ್ರಮದಲ್ಲೇ ನಮ್ಮನ್ನು ಎತ್ತಿಕೊಂಡು ಹೋದರು. ಜೈಲಿಗೆ ಅವಳು ಒಮ್ಮೆಯೂ ಬರಲಿಲ್ಲ. ನಾನು ಅವಳನ್ನು ಕ್ಷಮಿಸಿಲ್ಲ. ಕ್ಷಮಿಸು ಅಂತ ಅವಳು ಕೇಳಿಯೂ ಇಲ್ಲ.

ಇಂಥವಳು ಫೇಸ್‌ಬುಕ್ಕಿನಲ್ಲಿ ದೆವ್ವದ ಕಥೆಗಳ ಸ್ಪರ್ಧೆ ನಡೆಸುತ್ತಾಳೆ. ಪ್ರತಿ ವರ್ಷ ಅಕ್ಟೋಬರ್ ಬಂತೆಂದರೆ ಅವಳ ಪುಟದಲ್ಲಿ ಊರಿನವರ ಕಥೆಗಳು ಸಾಲುಗಟ್ಟುತ್ತವೆ. ಓದುಗರೇ ಮತ ಹಾಕಬೇಕು. ತಿಂಗಳ ಕೊನೆಯ ದಿನ ಮಧ್ಯಾಹ್ನ ಎಣಿಕೆ. ಮರುದಿನ ಸತ್ತವರ ಹಬ್ಬ. ಊರಿಗೆ ಊರೇ ಸ್ಮಶಾನದಲ್ಲಿ ಚಾಪೆ ಹಾಸಿ, ಮೇಣದ ಬತ್ತಿ ಹಚ್ಚಿ, ಅನ್ನ ಹಂದಿಮಾಂಸ ಬಿಚ್ಚಿಕೊಂಡು ಕೂತಿರುವಾಗ ಗೆದ್ದ ಕಥೆಯನ್ನು ರೇಡಿಯೋದಲ್ಲಿ ಓದುತ್ತಾರೆ. ಬಹುಮಾನ ಅಂದರೆ ಅಷ್ಟೇ. ಆದರೆ ಅದಕ್ಕಾಗಿ ಜನ ಕಚ್ಚಾಡುತ್ತಾರೆ. ಅಲ್ಲಿ ಓದುವವನು ಅವಳ ಧರ್ಮಪುತ್ರ, ಚರ್ಚಿನಲ್ಲಿ ಜ್ಞಾನಸ್ನಾನದ ದಿನ ಅವಳು ಎತ್ತಿಕೊಂಡು ನಿಂತಿದ್ದ ಹುಡುಗ. ಒಂದು ವರ್ಷ ಹೊತ್ತು ಸಾಲದೆಂದು ಅವನು ನಡುವೆ ಎರಡು ಪುಟ ಹಾರಿಸಿದ್ದಕ್ಕೆ, ಮರುದಿನ ರೇಡಿಯೋ ಸ್ಟೇಷನ್ನಿಗೇ ಹೋಗಿ ಕುತ್ತಿಗೆ ಪಟ್ಟಿ ಹಿಡಿದು ಮೊದಲಿಂದ ಓದಿಸಿದ್ದಳು. ಅವತ್ತಿನಿಂದ ಅವನು ಅಕ್ಷರ ಬಿಡುವುದಿಲ್ಲ.

ಮತದ ನಿಯಮ ಒಂದೇ. ಕೆಂಪು ಹೃದಯದ ಗುರುತು ಒತ್ತಿದರೆ ಮತ. ಹೆಬ್ಬೆರಳು, ನಗುಮುಖ, ಕೋಪದ ಮುಖ, ಅಳುಮುಖ ಯಾವುದೂ ಎಣಿಕೆಗಿಲ್ಲ. ಮೊದಲ ವರ್ಷ ಎಲ್ಲವನ್ನೂ ಎಣಿಸಿದ್ದಳಂತೆ. ಊರೇ ಸೇರಿ ಗೇಲಿ ಮಾಡಿ ನಗುಮುಖ ಒತ್ತಿದ ಒಬ್ಬ ಪಾಪದ ಮೇಷ್ಟ್ರ ಕಥೆ ಗೆದ್ದುಬಿಟ್ಟಿತು, ಅವನು ಎದೆಯುಬ್ಬಿಸಿಕೊಂಡು ಬಂದ. ಅಂದೇ ನಿಯಮ ಬಂತು.

ಅವಳಿಗೆ ಬರೆಯುವವರ ಮೇಲೂ ಗೌರವವಿಲ್ಲ, ಓದುವವರ ಮೇಲೂ ಇಲ್ಲ. "ಯಾರು ಓದ್ತಾರೆ? ಕುಲ ಎಣಿಸೋ ಸ್ಪರ್ಧೆ ಇದು," ಅನ್ನುತ್ತಾಳೆ. ಸುಳ್ಳಲ್ಲ. ನಮ್ಮೂರ ಹಬ್ಬದ ರಾಣಿ ಕೂಡ ಚೆಲುವೆಯಲ್ಲ, ಯಾರ ಮನೆಯವರು ಹೆಚ್ಚು ಟಿಕೆಟ್ ಮಾರಿದರೋ ಆ ಮನೆ ಹುಡುಗಿ. ಅದೇ ಚಾಳಿ ಇಲ್ಲಿಗೂ ಬಂದಿದೆ. ಹಡಗಿನಲ್ಲಿರುವ ಅಳಿಯ, ಹಾಂಗ್‌ಕಾಂಗಿನಲ್ಲಿ ಮನೆಕೆಲಸದ ಅತ್ತಿಗೆ, ದುಬೈಯಲ್ಲಿ ಟ್ಯಾಕ್ಸಿ ಓಡಿಸುವ ಷಡ್ಡಕ, ಎಲ್ಲರಿಗೂ ಸಂದೇಶ ಹೋಗುತ್ತದೆ, ಎಲ್ಲರೂ ಒಂದು ಸಾಲೂ ಓದದೆ ಹೃದಯ ಒತ್ತುತ್ತಾರೆ. ಯಾರಿಗೂ ಇದರಲ್ಲಿ ನಾಚಿಕೆಯಿಲ್ಲ.

ನಾನು ಹೇಳಹೊರಟ ವರ್ಷ ಮತದಲ್ಲಿ ಮುಂದೆ ಇದ್ದವನು ಫರ್ಮಿನ್ ಕಬಾಹುಗ್. ಕಾರ್ಖಾನೆಯ ಸಿಬ್ಬಂದಿ ಅಧಿಕಾರಿ. ಐದು ತಿಂಗಳಿಗೊಮ್ಮೆ ಹೆಂಗಸರ ಗುತ್ತಿಗೆ ಮುಗಿಯುತ್ತದೆ, ಯಾರನ್ನು ಮತ್ತೆ ತೆಗೆದುಕೊಳ್ಳಬೇಕು ಯಾರನ್ನು ಬಿಡಬೇಕು ಅನ್ನುವುದು ಅವನ ಕೈಲಿ. ಆಲದ ಮರದಲ್ಲಿ ಬಿಳಿ ಗೌನಿನ ಹೆಂಗಸು ಕೂತಿರುವ ಕಥೆ ಬರೆದಿದ್ದ. ಆ ಹೆಂಗಸನ್ನು ನಮ್ಮೂರಲ್ಲಿ ಎಷ್ಟು ಜನ ಎಷ್ಟು ಮರಗಳಿಗೆ ಹತ್ತಿಸಿದ್ದಾರೋ ಲೆಕ್ಕವಿಲ್ಲ.

ಇಲುಮಿನಾಡಾ ನನ್ನ ಬಾಗಿಲಿಗೆ ಬಂದದ್ದು ಆಗ. ಮಾರುಕಟ್ಟೆಯಲ್ಲಿ ಒಣಮೀನು ಮಾರುವವಳು, ಊರಿನವರ ಬಾಯಲ್ಲಿ ಲುಮಿಂಗ್. ಅವಳ ಮಗಳು ಮಾರಿಫೆ ಕಾರ್ಖಾನೆಯ ಶೀತಲ ಕೋಣೆಯಲ್ಲಿ ಸತ್ತು ನಾಲ್ಕು ವರ್ಷವಾಗಿತ್ತು. ಅಮೋನಿಯಾ ಕೊಳವೆ ಒಡೆದಾಗ ಉಳಿದವರು ಮುಂದಿನ ಬಾಗಿಲಿಂದ ಓಡಿದರು, ಮಾರಿಫೆ ಹಿಂಬಾಗಿಲ ಹತ್ತಿರ ಇದ್ದಳು. ಹೆಂಗಸರು ರವಿಕೆಯೊಳಗೆ ಮೀನು ಕದ್ದು ಸಾಗಿಸುತ್ತಾರೆಂದು ಆ ಬಾಗಿಲಿಗೆ ಹೊರಗಿಂದ ಬೀಗ ಹಾಕಿದ್ದರು. ವಿಚಾರಣೆ ಮಾಡಿದ ಅಧಿಕಾರಿಗಳು, ಹುಡುಗಿ ಗಾಬರಿಯಲ್ಲಿ ತಪ್ಪು ದಿಕ್ಕಿಗೆ ಓಡಿದಳು ಅಂತ ಬರೆದರು. ಬೀಗದ ಮಾತೇ ಇಲ್ಲ. ಕೇಸು ಹಾಕಿದೆವು, ಬಿದ್ದುಹೋಯಿತು. ಪತ್ರಿಕೆಯವರು ಬರೆಯಲಿಲ್ಲ, ರೇಡಿಯೋದವರು ಸುದ್ದಿಯಲ್ಲಿ ಹೇಳಲಿಲ್ಲ.

"ಸುದ್ದಿ ಅಂದ್ರೆ ಓದಲ್ಲ ನೊಂಗ್ ಬಾದೊ," ಅಂದಳು ಇಲುಮಿನಾಡಾ. ನನ್ನನ್ನು ಅವಳು ನೊಂಗ್, ಅಣ್ಣ ಅಂತಲೇ ಕರೆಯುವುದು. "ದೆವ್ವದ ಕಥೆ ಅಂದ್ರೆ ಓದ್ತಾರೆ. ಬಾಗಿಲಿಗೆ ಬೀಗ ಇತ್ತು ಅಂತ ಒಂದ್ಸಲ ಊರಿಗೆ ಕೇಳಿಸ್ಬೇಕು. ಅಷ್ಟೇ ನನಗೆ."

ಅವಳು ಹೇಳುತ್ತಾ ಹೋದಳು, ನಾನು ಫೋನಿನಲ್ಲಿ ಒತ್ತುತ್ತಾ ಹೋದೆ. ಕಥೆ ಸಣ್ಣದು. ಶಿಫ್ಟು ಮುಗಿದ ಮೇಲೆ ಶೀತಲ ಕೋಣೆಯ ಹಿಂಬಾಗಿಲನ್ನು ಒಳಗಿನಿಂದ ಯಾರೋ ತಟ್ಟುತ್ತಾರೆ, ಕಾವಲುಗಾರ ಬೀಗ ತೆಗೆಯಲು ಹೋದರೆ ಕೀಲಿ ಅವನ ಹತ್ತಿರ ಇರುವುದಿಲ್ಲ. ಹುಡುಗಿಯ ಹೆಸರು, ಕಾರ್ಖಾನೆಯ ಹೆಸರು, ಬೀಗ ಯಾವ ಬಾಗಿಲಿಗೆ, ಯಾವ ಕಡೆಯಿಂದ, ಎಲ್ಲವೂ ಇತ್ತು. ಕೊನೆಗೆ ಫೋಟೊ ಹಾಕು ಅಂತ ಹಠ ಹಿಡಿದಳು. ಹೈಸ್ಕೂಲು ಮುಗಿಸಿದಾಗಿನ ಫೋಟೊ, ಕಪ್ಪು ಟೋಪಿ, ಕೈಯಲ್ಲಿ ಸುರುಳಿ ಕಾಗದ.

ಕಥೆ ಹತ್ತಿಕೊಂಡಿತು. ಬೇರೆಲ್ಲ ಕಥೆಗಳನ್ನು ಕೂಡಿಸಿದರೂ ಅಷ್ಟು ಜನ ಓದಿರಲಿಲ್ಲ. ಆದರೆ ಕೆಳಗೆ ನೋಡಿದರೆ ಅಳುಮುಖ, ಅಳುಮುಖ, ಬರೀ ಅಳುಮುಖ. ಸಂತಾಪ, ಆತ್ಮಕ್ಕೆ ಶಾಂತಿ ಸಿಗಲಿ, ಆಮೆನ್. ಸತ್ತ ಹುಡುಗಿಯ ಫೋಟೊ ಕಂಡ ತಕ್ಷಣ ನಮ್ಮವರ ಬೆರಳು ತಾನಾಗಿ ಅಳುಮುಖಕ್ಕೆ ಹೋಗುತ್ತದೆ. ಸಾವಿನ ಮನೆಯಲ್ಲಿ ನಿಂತು ನನಗೆ ಇದು ತುಂಬಾ ಇಷ್ಟವಾಯಿತು ಅನ್ನುವವರುಂಟೆ? ಹೃದಯಗಳು ಒಂದು ಹಿಡಿ. ಫರ್ಮಿನ್ ಬಹಳ ಮುಂದೆ.

ಅಷ್ಟಿದ್ದರೂ ಫರ್ಮಿನ್‌ಗೆ ಸಮಾಧಾನವಿಲ್ಲ. ಕಥೆ ತೆಗೆಸಬೇಕೆಂದು ಅಂಗಡಿಗೆ ಬಂದ. ಕಾರ್ಖಾನೆಯ ಅಷ್ಟೂ ಕೆಲಸಗಾರರ ಐಡಿ ಕಾರ್ಡಿಗೆ ಪ್ಲಾಸ್ಟಿಕ್ ಹೊದಿಸುವ ಕೆಲಸ ಪುರಿಂಗಳದೇ, ಅವಳ ಅನ್ನವೇ ಅದು. ಅದನ್ನು ಅವನು ನಯವಾಗಿ ನೆನಪಿಸಿದನಂತೆ. ಮಾನಾಂಗ್ ಕೀಬೋರ್ಡಿನಿಂದ ಕಣ್ಣೆತ್ತದೆ, ಕಥೆ ತೆಗೆಯುವ ನಿಯಮ ನಮ್ಮಲ್ಲಿಲ್ಲ, ಕಾರ್ಡು ಬೇರೆ ಕಡೆ ಕೊಡುವುದಾದರೆ ಕೊಡು, ನಿನ್ನ ದೆವ್ವಕ್ಕೆ ಮಾತ್ರ ಒಳ್ಳೇ ಗೌನು ಹೊಲಿಸು, ಹತ್ತು ವರ್ಷದಿಂದ ಒಂದೇ ಹಾಕಿಕೊಂಡಿದೆ ಅಂದಳಂತೆ. ಬ್ರೆಡ್ಡಿನ ಅಂಗಡಿಯವನು ಇದನ್ನು ಊರಿಗೆಲ್ಲ ಹೇಳಿದ.

ಹಾಗಾದರೆ ನಮ್ಮ ಕಡೆ ಇದ್ದಾಳೆ ಅಂದುಕೊಂಡು ನಾನು ಹೋದೆ. ಅಳುಮುಖಗಳನ್ನೂ ಎಣಿಸು ಅಂದೆ. ಅಷ್ಟು ಜನರ ದುಃಖ ಮತವಲ್ಲವಾ ಅಂದೆ. ಒಂದು ನಿಯಮಕ್ಕೋಸ್ಕರ ಸತ್ತ ಹುಡುಗಿಗೆ ಇನ್ನೊಮ್ಮೆ ಬೀಗ ಹಾಕುತ್ತೀಯಾ ಅಂತಲೂ ಅಂದೆ. ಸಭೆಗಳಲ್ಲಿ ಇಂಥ ಮಾತಿಗೆ ಚಪ್ಪಾಳೆ ಬೀಳುತ್ತಿತ್ತು.

"ಭಾಷಣ ಮುಗೀತಾ?" ಅಂದಳು. "ಫರ್ಮಿನ್ ಬಂದು ನಿಯಮ ಮುರಿ ಅಂದ. ಈಗ ನೀನು ಬಂದು ಮುರಿ ಅಂತೀಯ. ನಿಮ್ಮಿಬ್ಬರಿಗೂ ಒಂದೇ ತಾಯಿ ಹಾಲು ಕುಡಿಸಿದಾಳೇನೋ."

ಬಾಯಿಗೆ ಬಂದದ್ದು ಅಂದೆ. ಜೈಲಿನ ಮಾತೂ ಎತ್ತಿದೆ. ಅವಳು ಕಂಪ್ಯೂಟರಿನ ಪರದೆಯನ್ನು ನನ್ನ ಕಡೆ ತಿರುಗಿಸಿದಳು. ಅಳುಮುಖ ಒತ್ತಿದವರ ಹೆಸರುಗಳು.

"ಓದು. ಜೋರಾಗಿ ಓದು."

ಓದಿದೆ. ಹತ್ತು ಹೆಸರು ಓದುವಷ್ಟರಲ್ಲಿ ಯಾರೆಂದು ಗೊತ್ತಾಯಿತು. ಕಾರ್ಖಾನೆಯ ಹೆಂಗಸರು. ಮೀನಿನ ತಲೆ ಕತ್ತರಿಸುವವರು, ಡಬ್ಬಿ ತುಂಬುವವರು, ಮಾರಿಫೆ ಜೊತೆ ಅದೇ ಶಿಫ್ಟಿನಲ್ಲಿ ಇದ್ದವರು. ಎಲ್ಲರ ಕಾರ್ಡನ್ನೂ ಪುರಿಂಗಳೇ ಮಾಡಿದವಳು, ಮುಖ ಮುಖವೂ ಗೊತ್ತು.

"ಇವರು ಕೈತಪ್ಪಿ ಒತ್ತಿದಾರೆ ಅಂದ್ಕೊಂಡಿದೀಯಾ? ಪ್ರತಿ ವರ್ಷ ಮತ ಹಾಕೋರು, ನಿಯಮ ಬಾಯಿಪಾಠ. ಯಾರು ಏನು ಒತ್ತಿದ್ರು ಅಂತ ಫರ್ಮಿನ್‌ಗೂ ಕಾಣುತ್ತೆ. ಕಣ್ಣೀರು ಹಾಕಿದ್ರೆ ಯಾರ ಕೆಲಸಾನೂ ಹೋಗಲ್ಲ ಬಾದೊ. ಹೃದಯ ಒತ್ತಿದ್ರೆ ಹೋಗುತ್ತೆ. ನಾನು ಇದನ್ನೂ ಎಣಿಸಿಬಿಟ್ರೆ, ಹೆಸರು ಹಾಕದೇ ಇರೋ ನಿನ್ನ ಕರಪತ್ರಾನೇ ಆಯ್ತು."

ಆ ತಾಯಿ ಏನು ಮಾಡಬೇಕು ಹೇಳು ಅಂತ ಮಾತ್ರ ಕೇಳಿದೆ.

"ಫರ್ಮಿನ್ ಸಮುದ್ರದಲ್ಲಿರೋ ಅಳಿಯಂದಿರನ್ನೆಲ್ಲ ಎಬ್ಬಿಸಿ ಮತ ಕೇಳಿದಾನೆ. ನಿನ್ನ ಲುಮಿಂಗ್ ಒಬ್ಬರನ್ನಾದ್ರೂ ಕೇಳಿದಾಳಾ? ಕೇಳಬಾರದು ಅಂತ ನಿಯಮ ಇಲ್ಲ. ಹೋಗು, ಫ್ಯಾನಿಗೆ ಅಡ್ಡ ನಿಂತಿದೀಯ."

ಇಲುಮಿನಾಡಾಗೆ ಹೇಳಿದಾಗ ಅವಳು ಬಹಳ ಹೊತ್ತು ಒಣಮೀನು ತಿರುವಿ ಹಾಕುತ್ತಿದ್ದಳು. ಸತ್ತ ಮಗಳ ಹೆಸರಲ್ಲಿ ಮತ ಬೇಡುವುದೆಂದರೆ ಅವಳಿಗೆ ಸಾವಿನ ಮನೆ ಮುಂದೆ ಜೂಜು ಕಟ್ಟಿದ ಹಾಗೆ. ಆಮೇಲೆ ಎದ್ದು ಕೈ ತೊಳೆದಳು.

ಕೊನೆಯ ದಿನ ಬೆಳಗಿನ ಶಿಫ್ಟು ಬದಲಾಗುವ ಹೊತ್ತಿಗೆ ಅವಳು ಕಾರ್ಖಾನೆಯ ಗೇಟಿನಲ್ಲಿ ನಿಂತಿದ್ದಳು. ನಾನು ರಸ್ತೆಯ ಆಚೆ. ಹತ್ತಿರ ಬರಬೇಡ, ಸಂಘದ ವಾಸನೆ ಬಂದರೆ ಓಡುತ್ತಾರೆ ಅಂದಿದ್ದಳು. ರಬ್ಬರ್ ಬೂಟಿನ ಹೆಂಗಸರು ಹೊರಗೆ ಬರುತ್ತಿದ್ದಂತೆ ಒಬ್ಬೊಬ್ಬಳ ತೋಳು ಹಿಡಿದು ನಿಲ್ಲಿಸಿದಳು. ಕೆಲವರು ಅವಳನ್ನು ತಬ್ಬಿಕೊಂಡು ಅಳಲು ಶುರುಮಾಡಿದರು. ಅವಳು ಬಿಡಿಸಿಕೊಂಡಳು.

"ಅಳಬೇಡ. ನಾಲ್ಕು ವರ್ಷ ಅತ್ತಿದ್ದೀರಿ, ಆ ಬಾಗಿಲಿಗೆ ಬೀಗ ಇತ್ತು ಅಂತ ಒಬ್ಬಳೂ ಹೇಳಲಿಲ್ಲ. ಫೋನ್ ತೆಗಿ. ಅಳುಮುಖ ತೆಗೆದು ಹೃದಯ ಒತ್ತು. ಇಲ್ಲಾಂದ್ರೆ ಅದನ್ನೂ ತೆಗೆದುಬಿಡು, ನನ್ನ ಮಗಳಿಗೆ ಬೇಡ."

ಕೆಲವರು ಅವಳಿಗೆ ಹುಚ್ಚು ಹಿಡಿದಿದೆ ಅಂದರು. ಒಬ್ಬಳು, ನನಗೂ ಮೂರು ಮಕ್ಕಳಿದ್ದಾರೆ ಅಂತ ಕೈ ಕೊಡವಿಕೊಂಡು ಹೋದಳು. ಇನ್ನೊಬ್ಬಳು ಅವಳ ಕಾಲಬುಡದಲ್ಲಿ ಉಗುಳಿದಳು. ಮಾರಿಫೆ ಪಕ್ಕದ ಮೇಜಿನಲ್ಲಿ ನಿಲ್ಲುತ್ತಿದ್ದ ನಾರ್ಮಿತಾ ಅಲ್ಲೇ, ಕಾವಲುಗಾರನ ಕಣ್ಣೆದುರೇ ಫೋನು ತೆಗೆದು ಒತ್ತಿದಳು. ಆಮೇಲೆ ಅವಳ ಹಿಂದಿದ್ದವಳು. ಗೇಟಿನಲ್ಲಿ ಒತ್ತದೆ ತಲೆತಗ್ಗಿಸಿ ಹೋದವರಲ್ಲೂ ಹಲವರು ಜೀಪಿನಲ್ಲಿ ಕೂತು ಒತ್ತಿದರೆಂದು ಕಾಣುತ್ತದೆ, ಯಾಕೆಂದರೆ ಮಧ್ಯಾಹ್ನದವರೆಗೂ ಅಳುಮುಖ ಕರಗುತ್ತಿತ್ತು, ಹೃದಯ ಏರುತ್ತಿತ್ತು. ಫರ್ಮಿನ್ ಕಡೆಯವರೂ ಸುಮ್ಮನಿರಲಿಲ್ಲ. ಮಾರಿಫೆ ಬಸಿರಾಗಿದ್ದಳಂತೆ, ಬೇಕೆಂದೇ ಒಳಗೆ ಉಳಿದಳಂತೆ ಅಂತ ಕಥೆಯ ಕೆಳಗೇ ಬರೆದರು. ಪುರಿಂಗ್ ಅದನ್ನು ಅಳಿಸಲಿಲ್ಲ. ಅಳಿಸುವ ನಿಯಮವಿಲ್ಲ. ಕೆಳಗೆ ಒಂದು ಸಾಲು ಸೇರಿಸಿದಳು: ಇದನ್ನು ಬರೆದವನು ಸ್ವಂತ ಹೆಸರಲ್ಲಿ ಬರೆದಿದ್ದಾನೆ, ಎಲ್ಲರೂ ಹೆಸರು ನೋಡಿಕೊಳ್ಳಿ.

ಇಲುಮಿನಾಡಾ ಕೂದಲೆಳೆಯಲ್ಲಿ ಗೆದ್ದಳು.

ಹಬ್ಬದ ದಿನ ಸಂಜೆ ಸ್ಮಶಾನದಲ್ಲಿ ಸಮಾಧಿಗೊಂದು ರೇಡಿಯೋ. ಧರ್ಮಪುತ್ರ ಓದಿದ. ಬೀಗದ ಮಾತು ಬರುವ ಹೊತ್ತಿಗೆ ಅವನು ಸ್ವಲ್ಪ ತೊದಲಿದ, ಆದರೆ ಅಕ್ಷರ ಬಿಡಲಿಲ್ಲ. 'ಬಾಗಿಲಿಗೆ ಹೊರಗಿನಿಂದ ಬೀಗ ಹಾಕಿತ್ತು' ಅನ್ನುವುದು ಒಂದೇ ಹೊತ್ತಿಗೆ ಎಲ್ಲ ಸಮಾಧಿಗಳ ಮೇಲಿಂದಲೂ ಕೇಳಿಸಿತು. ಇಸ್ಪೀಟು ಆಡುತ್ತಿದ್ದವರು ಎಲೆ ಕೆಳಗಿಟ್ಟರು. ಕಬಾಹುಗ್ ಮನೆತನದವರು ತಮ್ಮ ರೇಡಿಯೋ ಆರಿಸಿದರು, ಪಕ್ಕದವರದು ಕೇಳಿಸುತ್ತಲೇ ಇತ್ತು. ಮಗಳ ಸಮಾಧಿಯ ಮುಂದೆ ಕೂತಿದ್ದ ಇಲುಮಿನಾಡಾ ಕಥೆ ಮುಗಿಯುವವರೆಗೂ ಬತ್ತಿಗೆ ಗಾಳಿ ತಾಗದ ಹಾಗೆ ಅಂಗೈ ಮರೆ ಹಿಡಿದಿದ್ದಳು.

ಇದರಿಂದ ನ್ಯಾಯ ಸಿಕ್ಕಿತು ಅಂತ ಯಾರಾದರೂ ಅಂದುಕೊಂಡರೆ ಅವರಿಗೆ ನಮ್ಮೂರು ಗೊತ್ತಿಲ್ಲ. ಕೇಸು ಮತ್ತೆ ತೆರೆಯಲಿಲ್ಲ. ನಾರ್ಮಿತಾಳ ಗುತ್ತಿಗೆ ಮುಗಿಯಿತು, ಮತ್ತೆ ಕರೆಯಲಿಲ್ಲ. ಅವಳ ಹಾಗೆ ಇನ್ನೂ ಕೆಲವರನ್ನು. ಐಡಿ ಕಾರ್ಡಿನ ಕೆಲಸ ಪಕ್ಕದ ಊರಿಗೆ ಹೋಯಿತು. ಕೆಲಸ ಕಳೆದುಕೊಂಡವರು ಅರ್ಜಿಗಳ ಪ್ರತಿ ತೆಗೆಸಲು ಪುರಿಂಗಳ ಹತ್ತಿರವೇ ಬಂದರು, ಅವಳು ಅವರಿಗೂ ಬೈದಳು.

ಹಬ್ಬ ಕಳೆದ ವಾರ ಇಲುಮಿನಾಡಾ ಬೆಲ್ಲದ ಅಂಟನ್ನವನ್ನು ಬಾಳೆಲೆಯಲ್ಲಿ ಕಟ್ಟಿಕೊಂಡು ಅಂಗಡಿಗೆ ಹೋದಳು. ನಾನೂ ಜೊತೆಗಿದ್ದೆ. ಪುರಿಂಗ್ ಪೊಟ್ಟಣ ತೆಗೆದುಕೊಂಡಳು, ಕೂತುಕೋ ಅನ್ನಲಿಲ್ಲ.

"ಕಥೆ ಚೆನ್ನಾಗಿರಲಿಲ್ಲ ಲುಮಿಂಗ್. ದೆವ್ವ ಬಾಗಿಲು ತಟ್ಟೋದನ್ನ ಎಲ್ಲರೂ ಬರೀತಾರೆ. ಹೊಸದೇನಾದ್ರೂ ಯೋಚನೆ ಮಾಡ್ಬೇಕಿತ್ತು."

"ತಟ್ಟಿದ್ದು ನಿಜ ಮಾನಾಂಗ್," ಅಂದಳು ಇಲುಮಿನಾಡಾ. "ದೆವ್ವ ಆದಮೇಲಲ್ಲ. ಅದಕ್ಕೂ ಮೊದಲು. ಹೊರಗಿದ್ದವರು ಕೇಳಿಸ್ಕೊಂಡಿದಾರೆ."

ಪುರಿಂಗ್ ಲ್ಯಾಮಿನೇಶನ್ ಯಂತ್ರದ ಗುಂಡಿ ಒತ್ತಿ ಅದು ಬಿಸಿಯಾಗುವುದನ್ನೇ ಕಾಯುತ್ತಾ ನಿಂತಳು. ಹೊದಿಸಲಿಕ್ಕೆ ಮೇಜಿನ ಮೇಲೆ ಒಂದು ಕಾರ್ಡೂ ಇರಲಿಲ್ಲ. ಆಮೇಲೆ ಫ್ಯಾನನ್ನು ನಮ್ಮ ಕಡೆ ತಿರುಗಿಸಿದಳು.