ಗವರ್ನರ್‌ಪೇಟೆಯ ಮೈಬಣ್ಣ

ಅಂಟುವಾಳದ ಕಾಯಿ ನೆನೆಸಿದ ನೀರಿಗೆ ಒಂದು ಬಗೆಯ ಹುಳಿ ವಾಸನೆ ಇರುತ್ತದೆ. ಕೆಲವರು ಮೂಗು ಮುಚ್ಚಿಕೊಳ್ಳುತ್ತಾರೆ. ನನಗೆ ಮಾತ್ರ ವಿಜಯವಾಡದ ಗವರ್ನರ್‌ಪೇಟೆ ನೆನಪಾಗುತ್ತದೆ. ಮೊನ್ನೆ ವಿಶಾಖಪಟ್ಟಣದ ಪೆಂಡುರ್ತಿಯ ನಮ್ಮ ಮನೆಯ ಬಚ್ಚಲಲ್ಲಿ ಕೂತು, ನನ್ನ ಡಾನ್ಸ್ ಕ್ಲಾಸಿನ ಮಕ್ಕಳ ಟೈಟ್ಸ್‌ಗಳನ್ನು ಆ ನೀರಿನಲ್ಲಿ ಅದ್ದಿ ಅದ್ದಿ ತೆಗೆಯುತ್ತಿದ್ದಾಗಲೂ ಹಾಗೇ ಆಯಿತು. ವಾಷಿಂಗ್ ಮಷಿನ್ ಪಕ್ಕದಲ್ಲೇ ಇತ್ತು. ಆದರೆ ಟೈಟ್ಸ್ ಅದರೊಳಗೆ ಹಾಕಲು ನನಗೆ ಇವತ್ತಿಗೂ ಧೈರ್ಯವಿಲ್ಲ. ಹಾಕಿದರೆ ಹಿಂದಿನಿಂದ ಯಾರೋ "ತಲ್ಲೀ..." ಎಂದು ರಾಗ ಎಳೆದಂತಾಗುತ್ತದೆ.

ಹಾಗೆ ಕರೆಯುತ್ತಿದ್ದವರು ಗವರ್ನರ್‌ಪೇಟೆಯ ಬನಿಯನ್, ಸಾಕ್ಸ್ ಮಾರುವ ಒಂದು ಹೋಸಿಯರಿ ಅಂಗಡಿಯ ಯಜಮಾನರು. ತೆಲುಗಿನಲ್ಲಿ ತಲ್ಲಿ ಎಂದರೆ ತಾಯಿ. ಅಂಗಡಿಗೆ ಬರುವ ಹೆಣ್ಣುಮಕ್ಕಳೆಲ್ಲ ಅವರಿಗೆ ತಲ್ಲಿಯೇ. ನಾನು ಅವರನ್ನು ಬಾಬಾಯಿ ಎನ್ನುತ್ತಿದ್ದೆ, ನಾವು ಚಿಕ್ಕಪ್ಪ ಅನ್ನುವುದಿಲ್ಲವೇ, ಹಾಗೆ. ಅವರ ತಾಯಿಯ ತವರು ಬಳ್ಳಾರಿಯಂತೆ. ಹಾಗಾಗಿ ಅವರಿಗೆ ಕನ್ನಡ ಬರುತ್ತಿತ್ತು, ಅದನ್ನು ಆಡಿ ತೋರಿಸುವ ಚಪಲವೂ ಬೇಕಾದಷ್ಟಿತ್ತು. ವಿಜಯವಾಡದ ಬೇಸಿಗೆ ಎಂದರೆ ಮನುಷ್ಯ ಬನಿಯನ್ನಿನಲ್ಲಿ ಕೂತರೂ ಬೇಯುತ್ತಾನೆ. ಅಂಥದರಲ್ಲಿ ಇವರು ತುಂಬು ತೋಳಿನ ಬಿಳಿ ಅಂಗಿ ಹಾಕಿ, ಮಣಿಕಟ್ಟಿನ ಗುಂಡಿಯನ್ನೂ ಹಾಕಿಕೊಂಡು ಕೂತಿರುತ್ತಿದ್ದರು.

ತುಮಕೂರು ಕಡೆಯ ನಮ್ಮಪ್ಪನಿಗೆ ಆಗ ವಿಜಯವಾಡದ ಹತ್ತಿರದ ವಿದ್ಯುತ್ ಸ್ಥಾವರದಲ್ಲಿ ಕೆಲಸ. ನಮ್ಮ ಕಾಲೊನಿಗೆ ಬರುತ್ತಿದ್ದ ಟೀಚರ್ ಒಬ್ಬರು ನಮಗೆ ವೆಸ್ಟರ್ನ್ ಡಾನ್ಸ್ ಕಲಿಸುತ್ತಿದ್ದರು. ನನಗೆ ಹದಿಮೂರು ವರ್ಷ. ಮೊದಲ ಸಲ ವೇದಿಕೆ ಹತ್ತಬೇಕಿತ್ತು, ಅದೂ ಮೊಣಕಾಲು ಮುಟ್ಟದ ಫ್ರಾಕಿನಲ್ಲಿ. ನನ್ನ ಮೊಣಕಾಲ ಕೆಳಗೆ ತೊನ್ನು ಇತ್ತು, ಈಗಲೂ ಇದೆ. ಕಣಕಾಲಿನಲ್ಲಿ ಶುರುವಾದ ಬಿಳಿ ಮಚ್ಚೆ ನಿಧಾನಕ್ಕೆ ಮೇಲೇರಿತ್ತು. ಶಾಲೆಗೆ ಚೂಡಿದಾರ್, ಡಾನ್ಸ್ ಕ್ಲಾಸಿಗೆ ಪೈಜಾಮ, ಹೀಗೆ ಯಾರ ಕಣ್ಣಿಗೂ ಬೀಳದಂತೆ ನಡೆದಿತ್ತು. ಫ್ರಾಕಿನ ಮಾತು ಬಂದ ದಿನವೇ ಡಾನ್ಸ್ ಬಿಡುತ್ತೇನೆ ಎಂದು ಅಮ್ಮನಿಗೆ ಹೇಳಿಬಿಟ್ಟೆ. ಬಿಡಲು ನನಗೆ ಒಂದಿಷ್ಟೂ ಮನಸ್ಸಿರಲಿಲ್ಲ. ಅಷ್ಟರಲ್ಲಿ ಟೀಚರ್, ಎಲ್ಲರೂ ಸ್ಕಿನ್ ಕಲರ್ ಟೈಟ್ಸ್ ಹಾಕಬೇಕು, ಗವರ್ನರ್‌ಪೇಟೆಯಲ್ಲಿ ಸಿಗುತ್ತದೆ ಎಂದು ಹೇಳಿ ಕಳಿಸಿದರು. ಅಮ್ಮನಿಗೆ ಹೋದ ಜೀವ ಬಂದಂತಾಯಿತು.

ಅಂಗಡಿಗೆ ಹೋಗಿ ಅಮ್ಮ ಕೇಳಿದ್ದು ಕಾಲುಚೀಲ. ಬಾಬಾಯಿ ಶಾಲೆಯ ಸಾಕ್ಸ್ ತಂದು ಹರಡಿದರು. ಇದಲ್ಲ, ಸೊಂಟದವರೆಗೂ ಬರುವ ಕಾಲುಚೀಲ ಎಂದು ಅಮ್ಮ ಕೈಯಲ್ಲಿ ಅಳತೆ ತೋರಿಸಿದರು.

"ಹಂಗಾದ್ರ ಅದು ಚೀಲ ಅಲ್ಲಮ್ಮಾ, ಮೂಟಿ," ಎಂದು ನಕ್ಕು ಅವರು ಟೈಟ್ಸ್ ಡಬ್ಬಿ ಇಳಿಸಿದರು.

ಬೆಳೆಯೋ ಮಗು, ಒಂದು ಸೈಜ್ ದೊಡ್ಡದೇ ಇರಲಿ ಎಂದರು ಅಮ್ಮ. ಅದಕ್ಕೆ ಅವರು ಸುತರಾಂ ಒಪ್ಪಲಿಲ್ಲ. ದೊಡ್ಡದು ಕೊಂಡರೆ ಮೊಣಕಾಲ ಹತ್ತಿರ ಆನೆ ಕಾಲಿನ ಹಾಗೆ ನೆರಿಗೆ ಬೀಳುತ್ತದೆ, ಟೈಟ್ಸ್ ಕೊಳ್ಳಬೇಕಾದ್ದು ಈ ವರ್ಷದ ಕಾಲಿಗೆ ಎಂದು ವಾದಕ್ಕೇ ನಿಂತರು. ಅಮ್ಮ ಸೋತು, ದನಿ ತಗ್ಗಿಸಿ, ದಪ್ಪಗಿರೋದೇ ಕೊಡಿ, ಏನೂ ಕಾಣಬಾರದು ಎಂದರು. ಏನು ಕಾಣಬಾರದು ಎಂದು ಅವರು ಕೇಳಿದ್ದಕ್ಕೆ ಅಮ್ಮ ಡಬ್ಬಿಯನ್ನೇ ತಿರುಗಿಸಿ ನೋಡತೊಡಗಿದರು. ಅಳತೆ ನೋಡಲು ಅವರು ನನ್ನನ್ನು ಸ್ಟೂಲಿನ ಮೇಲೆ ಕಾಲಿಡಲು ಹೇಳಿದರು. ಇಟ್ಟೆ. ಚೂಡಿದಾರ್ ತುಸು ಮೇಲೆ ಸರಿಯಿತು...

ಅವರು ನೋಡಿದರು. ನಾನು ಕಾಲು ಎಳೆದುಕೊಂಡೆ. ನಾಚಿಕೆಯಿಂದ ಕಿವಿಯೆಲ್ಲ ಬಿಸಿಯಾಗಿತ್ತು.

ಬಾಬಾಯಿ ತಮ್ಮ ಅಂಗಿಯ ಮಣಿಕಟ್ಟಿನ ಗುಂಡಿ ಬಿಚ್ಚಿದರು. ತೋಳನ್ನು ಮಡಚುತ್ತಾ ಮಡಚುತ್ತಾ ಮೊಣಕೈವರೆಗೆ ತಂದರು. ಒಳಗೆಲ್ಲ ಬಿಳಿ. ನನ್ನ ಕಾಲಿಗಿಂತ ಎಷ್ಟೋ ಹೆಚ್ಚು. ಆ ಕೈಯನ್ನು ಒಂದು ತೆಳು ಟೈಟ್ಸ್‌ನೊಳಗೆ ತೂರಿಸಿ, ಬೆರಳು ಅಗಲಿಸಿ ಬೆಳಕಿಗೆ ಹಿಡಿದರು. ಮಚ್ಚೆಗಳು ಮಾಸಲಾಗಿ ಕಂಡವು. ಆಮೇಲೆ ದಪ್ಪದ್ದರೊಳಗೆ ತೂರಿಸಿದರು. ಏನೂ ಕಾಣಲಿಲ್ಲ.

"ಇದ್ರಾಗ ಕಾಣ್ತೈತಿ, ಇದ್ರಾಗ ಕಾಣಂಗಿಲ್ಲ. ಎರಡೂ ಒಳ್ಳೇ ಮಾಲೇ. ಕುಣಿಯೋಳು ನೀನು, ನೀನೇ ಹೇಳು ತಲ್ಲಿ."

ಅಮ್ಮ ಬಾಯಿ ತೆರೆಯುವಷ್ಟರಲ್ಲಿ ಅವರು ಇನ್ನೊಂದು ಕೈ ಎತ್ತಿ ತಡೆದರು. ಡಾಕ್ಟರಾಗಲಿ, ಮುಲಾಮು ಹೇಳುವ ಅತ್ತೆಯಂದಿರಾಗಲಿ, ಯಾರೂ ಅದುವರೆಗೆ ಈ ವಿಷಯದಲ್ಲಿ ನನ್ನನ್ನು ಏನೂ ಕೇಳಿರಲಿಲ್ಲ. ನಾನು ದಪ್ಪದ್ದನ್ನು ತೋರಿಸಿದೆ. ಅವರು ತಲೆಯಾಡಿಸಿ, ತೋಳು ಇಳಿಸಿ, ಗುಂಡಿ ಹಾಕಿಕೊಂಡರು. ಏನೂ ನಡೆದೇ ಇಲ್ಲವೆಂಬಂತೆ ಉಪದೇಶ ಶುರುವಾಯಿತು. ಸೋಪಿನ ಪುಡಿ ಮುಟ್ಟಿಸಬಾರದು, ಕುಂಕುಡುಕಾಯಿ ನೀರೇ ಆಗಬೇಕು. ನಮ್ಮ ಅಂಟುವಾಳಕ್ಕೆ ಅಲ್ಲಿ ಹಾಗೆನ್ನುತ್ತಾರೆ. ಹಿಂಡಬಾರದು, ಟವಲಿನಲ್ಲಿ ಸುತ್ತಿ ಒತ್ತಬೇಕು. ಬಿಸಿಲಿಗೆ ಹಾಕಿದರೆ ಎಲಾಸ್ಟಿಕ್ ಸತ್ತಿತು ಎಂದೇ ಲೆಕ್ಕ. ಬೆರಳ ಉಂಗುರ ತೆಗೆದಿಟ್ಟು, ಪಾದದಿಂದ ಸುರುಳಿ ಬಿಚ್ಚುತ್ತಾ ಹಾಕಿಕೊಳ್ಳಬೇಕು. ಅಮ್ಮನಿಂದ ಎಲ್ಲವನ್ನೂ ಒಂದು ಸಲ ಒಪ್ಪಿಸಿಕೊಂಡೇ ನಮ್ಮನ್ನು ಬಿಟ್ಟರು.

ನಾನು ಕುಣಿದೆ. ಕಾಲು ಬೆವತು ತುರಿಸಿತು, ಆದರೂ ಕುಣಿದೆ. ಆ ಖುಷಿ ಈಗಲೂ ಹಾಗೇ ಇದೆ.

ಆಮೇಲೆ ವರ್ಷವರ್ಷವೂ ಅವರಲ್ಲಿಗೇ ಹೋದೆವು. ಪ್ರತಿ ಸಲವೂ ಅವರು ತೆಳುವಿನದು, ದಪ್ಪದ್ದು ಎರಡನ್ನೂ ನನ್ನ ಮುಂದಿಟ್ಟು ಸುಮ್ಮನೆ ಕೂರುತ್ತಿದ್ದರು. ತೋಳು ಮಾತ್ರ ಮತ್ತೆಂದೂ ಮಡಚಲಿಲ್ಲ. ಕಾಲೇಜು ಸೇರುವ ವರ್ಷ, ಯಾಕೋ ನನ್ನ ಕೈ ತೆಳುವಿನದರ ಮೇಲೆ ಹೋಯಿತು. ಶಭಾಸ್ ಅನ್ನುತ್ತಾರೇನೋ ಎಂದು ಅವರ ಮುಖ ನೋಡಿದೆ.

"ಉಗುರು ಕತ್ತರಿಸಿ ಹಾಕ್ಕೋ. ಇದು ಬೇಗ ಹರೀತೈತಿ," ಎಂದರು ಅಷ್ಟೆ.

ಓದು, ಕೆಲಸ ಎಂದು ನಾನು ವಿಶಾಖಪಟ್ಟಣದವಳಾದೆ. ಈಗ ಟೈಟ್ಸ್ ಇಲ್ಲದೆಯೂ ವೇದಿಕೆ ಹತ್ತುತ್ತೇನೆ. ಇದನ್ನು ಅವರಿಗೊಮ್ಮೆ ಹೇಳಬೇಕು ಅಂದುಕೊಳ್ಳುತ್ತಲೇ ವರ್ಷಗಳು ಕಳೆದವು. ಕಳೆದ ತಿಂಗಳು ಮಕ್ಕಳಿಗೆ ಟೈಟ್ಸ್ ತರುವ ನೆಪದಲ್ಲಿ ವಿಜಯವಾಡಕ್ಕೆ ಹೋದೆ. ಗಲ್ಲಾದಲ್ಲಿ ಅವರ ಹೆಂಡತಿ ಕೂತಿದ್ದರು. ಹಿಂದಿನ ಗೋಡೆಯಲ್ಲಿ ಹಾರ ಹಾಕಿದ ಫೋಟೋ. ಅದರಲ್ಲೂ ತುಂಬು ತೋಳು, ಮಣಿಕಟ್ಟಿಗೆ ಗುಂಡಿ...

ಬಾಬಾಯಿ ತೋಳು ಮಡಚಿದ ದಿನದ ಕಥೆಯನ್ನೆಲ್ಲ ಆಕೆಗೆ ಹೇಳಿದೆ. ಆಕೆ ನಂಬದವರಂತೆ ಇನ್ನೊಮ್ಮೆ ಹೇಳಿಸಿದರು. ಅಂಗಡಿಯಲ್ಲಿ 'ಆಯನ', ಅಂದರೆ ತಮ್ಮ ಯಜಮಾನರು, ತೋಳು ಮಡಚಿದ್ದನ್ನು ತಾವು ಒಂದು ದಿನವೂ ಕಂಡಿಲ್ಲ, ಬೇಸಿಗೆಯಲ್ಲಿ ಜಗಳವಾಡಿದರೂ ಕೇಳುತ್ತಿರಲಿಲ್ಲ ಎಂದರು. ಆಮೇಲೆ, ನಿನ್ನ ಕಾಲು ಒಮ್ಮೆ ತೋರಿಸುತ್ತೀಯಾ ಎಂದು ತೆಲುಗಿನಲ್ಲೇ ಮೆಲ್ಲಗೆ ಕೇಳಿದರು. ಅಂಗಡಿ ತುಂಬ ಗಿರಾಕಿಗಳಿದ್ದರು. ನಾನು ಅದೇ ಸ್ಟೂಲಿನ ಮೇಲೆ ಕಾಲಿಟ್ಟು ಚೂಡಿದಾರ್ ಮೇಲಕ್ಕೆ ಎಳೆದುಕೊಂಡೆ. ಆಕೆ ಬಗ್ಗಿ, ಬಿಳಿಯ ಮಚ್ಚೆಯ ಮೇಲೆ ಅಂಗೈ ಇಟ್ಟರು. ತೆಗೆಯಲೇ ಇಲ್ಲ.

"ಆಯನದೂ ಇದೇ ಬಣ್ಣ," ಎಂದರು.

ಮೊನ್ನೆ ಆ ಟೈಟ್ಸ್‌ಗಳನ್ನೆಲ್ಲ ಹಿಂಡದೆ, ಟವಲಿನಲ್ಲಿ ಒತ್ತಿ, ಪೆಂಡುರ್ತಿಯ ಬಾಲ್ಕನಿಯ ನೆರಳಿನಲ್ಲಿ ಹರವಿದೆ. ಒಣಗಿದೆಯೇ ಎಂದು ನೋಡಲು ಒಂದರೊಳಗೆ ಕೈ ತೂರಿಸಿ, ಬಾಬಾಯಿಯ ಹಾಗೆ ಬೆರಳು ಅಗಲಿಸಿದೆ. ಕಂದು ಕೈ, ಮಚ್ಚೆಯಿಲ್ಲದ್ದು... ಅದನ್ನು ನೋಡುತ್ತಾ ಅಲ್ಲೇ ನಿಂತು ಅತ್ತೆ.