ಕೌದಿಯ ಹೊಟ್ಟೆಯ ಏಳು ಅಕ್ಕಿಕಾಳು

ಲಾಲಬಿಯನ್ನು ಕಂಡವರೆಲ್ಲ ಮೊದಲು ಕೇಳುವುದು ಒಂದೇ ಮಾತು: ಯಾವ ದೇಶದವಳು? ಆಕೆ ಹಳಿಯಾಳದ ಕಡೆಯ ಸಿದ್ದಿ ಹೆಂಗಸು, ಮುಖ ಕೂದಲು ಆಫ್ರಿಕಾದವರ ಹಾಗೆ. ಗೋವಾದ ಕೊರ್ತಾಲಿಮ್‌ನಲ್ಲಿ ಆಕೆಯ ಬಾಡಿಗೆ ಖೋಲಿಗೆ ತಪಾಸಣೆಗೆ ಬಂದ ಪೊಲೀಸನೂ ಪಾಸ್‌ಪೋರ್ಟ್ ಕೇಳಿದ. ಆಧಾರ್ ಕಾರ್ಡ್ ಕೊಟ್ಟರೆ ಖೋಟಾ ನೋಟಿನಂತೆ ತಿರುವಿ ತಿರುವಿ ನೋಡಿದ. ನನಗೆ ಮೈಯೆಲ್ಲ ಉರಿಯಿತು. ಆಕೆಗೆ ಮಾತ್ರ ಸಿಟ್ಟಿಗಿಂತ ಕುತೂಹಲ ಹೆಚ್ಚು. “ನಮ್ಮವರಾಗ ಮೊದಲ ಘಟ್ಟ ಹತ್ತಿದವರು ಯಾರ್ರಿ ಸಾಹುಕಾರ್ರ?” ಎಂದು ನನ್ನನ್ನೇ ಕೇಳುತ್ತಾಳೆ. ಧಾರವಾಡದಿಂದ ಬಂದು ಬಟ್ಟೆ ಅಂಗಡಿ ಇಟ್ಟ ನನಗೇನು ಗೊತ್ತು?

ನನ್ನ ಅಂಗಡಿಯ ಚಿಂದಿ ಒಯ್ದು ಆಕೆ ಕೌದಿ ಹೊಲಿಯುತ್ತಾಳೆ. ಅಂಚಿನಿಂದ ಸುತ್ತಿ ಸುತ್ತಿ ನಡುವಿಗೆ ಬಂದು, ಕೊನೆಯ ಸಂದು ಮುಚ್ಚುವ ಮೊದಲು ಒಳಗೆ ಒಂದಿಷ್ಟು ಅಕ್ಕಿಕಾಳು ಹಾಕುತ್ತಾಳೆ. ಇಲಿ ಕಡಿಯುತ್ತವೆ, ಕಾಳು ಬೇಡ ಎಂದರು ಕಲಂಗುಟ್‌ನ ಹೋಟೆಲಿನವರು. ಆಕೆ ಕಾಳು ಬಿಡಲಿಲ್ಲ, ಗಿರಾಕಿಯನ್ನೇ ಬಿಟ್ಟಳು.

ಮೊನ್ನೆ ನನ್ನ ತಂಗಿಯ ಮಗಳು ಜಯಶ್ರೀ ಬಂದಿದ್ದಳು. ಪಣಜಿಯಲ್ಲಿ ಪೋರ್ಚುಗೀಸರ ಹಳೆಯ ಕಾಗದ ಓದುವುದು ಅವಳ ಕೆಲಸ. ಅವರ ಕಾಲದಲ್ಲಿ ಆಫ್ರಿಕಾದಿಂದ ಹಡಗಿನಲ್ಲಿ ಗುಲಾಮರನ್ನು ತಂದು ಇಲ್ಲಿ ಮಾರುತ್ತಿದ್ದರಂತೆ. ಸರಕಾರದ ಕಣ್ಣು ತಪ್ಪಿಸಿ ಅವರನ್ನು ಗಡಿಯಾಚೆ ಸಾಗಿಸುವ ಕಳ್ಳವ್ಯಾಪಾರವೂ ಇತ್ತಂತೆ. ಜುವಾರಿ ಹೊಳೆಯಲ್ಲಿ ಹಿಡಿದ ಅಂಥದೊಂದು ದೋಣಿಯ ಕಾಗದ ಅವಳ ತಲೆ ತಿನ್ನುತ್ತಿತ್ತು. ಉಪ್ಪಿನ ಚೀಲಗಳ ಹಿಂದೆ ಅಡಗಿದ್ದ ಹೆಂಗಸು ಅಷ್ಟರಲ್ಲೇ ಇಳಿದು ಓಡಿದ್ದಳು, ಅವಳ ಕೌದಿಯಷ್ಟೇ ಸಿಕ್ಕಿತ್ತು. ಹರಿದು ನೋಡಿದರೆ ಒಳಗೆ ಏಳು ಅಕ್ಕಿಕಾಳು. ಅದು ಕಳ್ಳರ ಲೆಕ್ಕದ ಗುರುತು, ಇನ್ನೂ ಏಳು ಗುಲಾಮರು ಬರುವವರಿದ್ದಾರೆ ಎಂದುಕೊಂಡ ಅಧಿಕಾರಿ, ಘಟ್ಟದ ದಾರಿ ಕಾಯುವವರನ್ನೂ ಹೊಳೆದಂಡೆಗೆ ಕರೆಸಿ ಕೂರಿಸಿದ. ಹೆಂಗಸರ ಬುದ್ಧಿ ಮೊಣಕಾಲ ಕೆಳಗೆ ಎನ್ನುವವರು ಈ ಸರಕಾರಿ ಬುದ್ಧಿಯನ್ನೊಮ್ಮೆ ನೋಡಬೇಕು. ಆದರೆ ಆ ಕಾಳು ಏಕೆ ಇದ್ದವೆಂಬುದು ಜಯಶ್ರೀಗೂ ತಿಳಿದಿರಲಿಲ್ಲ.

ಚಿಂದಿ ಆರಿಸುತ್ತ ಕೂತಿದ್ದ ಲಾಲಬಿಯ ಕೈ ನಿಂತಿತು.

“ಕೌದಿ ಹಸಿದಿರಬಾರದು ಯವ್ವಾ. ಅದಕ್ಕ ಹೊಟ್ಟಿ ತುಂಬಸ್ತೇವಿ.”

ಜಯಶ್ರೀ ಎದ್ದು ಬಂದು ಆಕೆಯ ಎದುರು ನೆಲಕ್ಕೇ ಕೂತಳು.

“ಆಕಿ ಸಿಕ್ಕಳೇನು?” ಲಾಲಬಿ ಚಿಂದಿ ಬದಿಗಿಟ್ಟಳು.

ಸಿಗಲಿಲ್ಲ ಎಂದಳು ಜಯಶ್ರೀ. ಏಳು ಜನರಿಗಾಗಿ ಅವರು ಹೊಳೆ ಕಾಯುತ್ತ ಕೂತರು, ಒಬ್ಬಳು ಘಟ್ಟ ಹತ್ತಿ ಹೋದಳು. ಲಾಲಬಿ ಅವಳ ಹೆಸರು ಕೇಳಿದಳು. ಕಾಗದದಲ್ಲಿ ಕೌದಿಯ ಬಣ್ಣವಿದೆ, ಹೆಸರಿಲ್ಲ ಎನ್ನುವಾಗ ಜಯಶ್ರೀಗೆ ನಾಚಿಕೆಯಾಯಿತು, ತಾನೇ ಬರೆಯಲು ಮರೆತವಳ ಹಾಗೆ.

ಲಾಲಬಿ ಕಣ್ಣೊರೆಸಿಕೊಂಡು ನಕ್ಕಳು.

“ಚಲೋ ಆತು ಬಿಡವ್ವಾ. ಹೆಸರು ಬರಕೊಂಡಿದ್ರ ಹಿಡೀತಿದ್ರು.”